ಸೊನ್ನೆಯಿಲ್ಲದ ಅಳತೆಗೋಲು

ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಡಿಮೆನ್ಷಿಯಾ ಕಾಯಿಲೆ ಇರುವವರ ಆರೈಕೆ ಕೇಂದ್ರ ಚೆನ್ನಾಗಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಕಡತಗಳನ್ನು ತೆರೆಯುತ್ತಾರೆ. ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿದೆಯೇ, ಎಷ್ಟು ಮಂದಿ ಬಿದ್ದರು, ಯಾರಿಗೆ ಹಾಸಿಗೆ ಹುಣ್ಣಾಗಿದೆ? ಇವೆಲ್ಲ ಬೇಕಾದ ಲೆಕ್ಕಗಳೇ. ಆದರೆ ಮಧ್ಯಾಹ್ನವಿಡೀ ಕುರ್ಚಿಯಲ್ಲಿ ಕುಳಿತಿದ್ದವರಿಗೆ ಆ ಹೊತ್ತು ಹೇಗೆ ಕಳೆಯಿತು ಎಂಬುದು ಅಲ್ಲಿರುವುದಿಲ್ಲ. ಅವರನ್ನೇ ಕೇಳೋಣವೆಂದರೆ, ಕಾಯಿಲೆ ಬಲಿತಂತೆ ಮಾತು ಕೈಕೊಡುತ್ತದೆ.

ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಮತ್ತು ಕ್ಯಾಥ್ಲೀನ್ ಬ್ರೆಡಿನ್ ಇದಕ್ಕೆಂದೇ ಒಂದು ವಿಧಾನ ರೂಪಿಸಿದರು. ಅದರ ಹೆಸರು ಡಿಮೆನ್ಷಿಯಾ ಕೇರ್ ಮ್ಯಾಪಿಂಗ್. ತರಬೇತಿ ಪಡೆದ ವೀಕ್ಷಕರು ಎಲ್ಲರೂ ಸೇರುವ ಕೊಠಡಿಯ ಮೂಲೆಯಲ್ಲಿ ಕುಳಿತು, ನಾಲ್ಕೈದು ಜನರನ್ನು ಗಂಟೆಗಟ್ಟಲೆ ಗಮನಿಸುತ್ತಾರೆ. ಮಲಗುವ ಕೋಣೆಗೂ ಬಚ್ಚಲಿಗೂ ಹಿಂಬಾಲಿಸುವಂತಿಲ್ಲ. 5 ನಿಮಿಷಕ್ಕೊಮ್ಮೆ ಎರಡು ಗುರುತು ಹಾಕುತ್ತಾರೆ: ವ್ಯಕ್ತಿ ಏನು ಮಾಡುತ್ತಿದ್ದಾರೆ ಎನ್ನುವುದಕ್ಕೆ ಒಂದು ಅಕ್ಷರ, ಮನಸ್ಸು ಹೇಗಿದೆ, ಸುತ್ತಲಿನದರಲ್ಲಿ ಎಷ್ಟು ತೊಡಗಿದೆ ಎನ್ನುವುದಕ್ಕೆ ಒಂದು ಅಂಕೆ.

ನನಗೆ ಇಷ್ಟವಾದದ್ದು ಆ ಅಂಕೆಗಳ ಹಠ. +5, +3, +1, ಆಮೇಲೆ ನೇರವಾಗಿ -1, -3, -5. ನಡುವೆ ಸೊನ್ನೆಯೇ ಇಲ್ಲ. ಎಚ್ಚರವಾಗಿದ್ದು ಆಚೀಚೆ ನೋಡುತ್ತಿದ್ದರೆ +1. ಅಳು, ಗೊಣಗಾಟ ಏನೂ ಇಲ್ಲದೆ, ಸುತ್ತಲಿನ ಸಂಪರ್ಕವೇ ಕಡಿದಂತೆ ಕುಳಿತಿದ್ದರೆ -1. ಕಡತದಲ್ಲಿ ‘ಶಾಂತವಾಗಿದ್ದಾರೆ, ತೊಂದರೆಯಿಲ್ಲ’ ಎಂದು ಬರೆಸಿಕೊಳ್ಳುವುದು ಇದೇ ಸ್ಥಿತಿ! ಕರೆದರೂ ಯಾರೂ ಓಗೊಡದ ಗಳಿಗೆಗೂ ಇಲ್ಲಿ ಪ್ರತ್ಯೇಕ ಅಕ್ಷರವಿದೆ: ‘ಯು’.

ಸಿಬ್ಬಂದಿಯ ನಡೆಯೂ ದಾಖಲಾಗುತ್ತದೆ. ಹೇಳದೆ ಕೇಳದೆ ಗಾಲಿಕುರ್ಚಿ ತಳ್ಳುವುದು, ಎದುರಿಗೇ ಇರುವವರ ಬಗ್ಗೆ ಅವರಿಲ್ಲವೆಂಬಂತೆ ಮಾತಾಡುವುದು. ಕಿಟ್‌ವುಡ್ ಪ್ರಕಾರ ಇವುಗಳ ಹಿಂದೆ ಕೇಡಿನ ಮನಸ್ಸೇನೂ ಇರಬೇಕಾಗಿಲ್ಲ. ಹೆಚ್ಚಿನದು ರೂಢಿ. ಹಾಗಾಗಿ ವೀಕ್ಷಣೆ ಮುಗಿದ ಮೇಲೆ ಸಿಬ್ಬಂದಿಯೊಂದಿಗೆ ಕುಳಿತು ಮಾತಾಡುವುದು ವಿಧಾನದ ಅಂಗವೇ ಆಗಿದೆ.

ಇದರಿಂದ ಫಲವಿದೆಯೇ? ಇಂಗ್ಲೆಂಡಿನ 50 ಆರೈಕೆ ಗೃಹಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ನಿವಾಸಿಗಳ ತಳಮಳವೇನೂ ಕಡಿಮೆಯಾಗಲಿಲ್ಲ. ಆದರೆ ಹೆಚ್ಚಿನ ಗೃಹಗಳು ಮತ್ತೆ ಮತ್ತೆ ಮಾಡಬೇಕಿದ್ದ ವೀಕ್ಷಣೆಯನ್ನು ಪೂರ್ತಿಗೊಳಿಸಿಯೇ ಇರಲಿಲ್ಲ. ಗಂಟೆಗಟ್ಟಲೆ ಬರೀ ನೋಡುತ್ತ ಕುಳಿತುಕೊಳ್ಳಲು ಒಬ್ಬರನ್ನು ಬಿಟ್ಟುಕೊಡುವಷ್ಟು ಕೈಗಳು ಇಂಥ ಕಡೆಗಳಲ್ಲಿ ಇರುವುದು ಅಪರೂಪ.