ಖಜಾನೆ ಹುಂಡಿಯ ಹರಾಜು: ಹೆಚ್ಚು ಬೆಲೆ ಬರೆದವನಿಗೆ ಕಡಿಮೆ ಇಳುವರಿ ಏಕೆ?

ರಾಯಚೂರಿನ ನಮ್ಮ ಓದಿನ ಗುಂಪಿನಲ್ಲಿ ಬ್ಯಾಂಕಿಂಗ್ ಪರೀಕ್ಷೆಗೆ ತಯಾರಾಗುವವರೂ ಇದ್ದಾರೆ, ಕೆಎಎಸ್ ಬರೆಯುವವರೂ ಇದ್ದಾರೆ. ಕಳೆದ ಭಾನುವಾರ ಒಂದೇ ಪ್ರಶ್ನೆಗೆ ಎಂಟು ಜನರಲ್ಲಿ ಆರು ಜನ ತಪ್ಪು ಉತ್ತರ ಬರೆದೆವು. ಖಜಾನೆ ಹುಂಡಿಯ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ನಮೂದಿಸಿದ ಹೂಡಿಕೆದಾರನಿಗೆ ದೊರೆಯುವ ಇಳುವರಿ (ಹಾಕಿದ ಹಣಕ್ಕೆ ವರ್ಷದ ಲೆಕ್ಕದಲ್ಲಿ ಬರುವ ಶೇಕಡಾವಾರು ಗಳಿಕೆ) ಹೆಚ್ಚೋ ಕಡಿಮೆಯೋ ಎಂಬುದು ಪ್ರಶ್ನೆ. ಗೆದ್ದವನಿಗೆ ಲಾಭವೂ ಹೆಚ್ಚೇ ಇರಬೇಕೆಂದು ನಾವು ಊಹಿಸಿದ್ದೆವು. ಆ ತಪ್ಪನ್ನು ಬೇರುಸಹಿತ ಕಿತ್ತುಹಾಕಲೆಂದು ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಖಜಾನೆ ಹುಂಡಿ, ಅಂದರೆ ಟ್ರೆಷರಿ ಬಿಲ್, ಕೇಂದ್ರ ಸರ್ಕಾರವು ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಪಡೆಯುವ ಸಾಲದ ಪತ್ರ. ಇದನ್ನು ರಾಜ್ಯ ಸರ್ಕಾರಗಳು ಹೊರಡಿಸುವುದಿಲ್ಲ. ಕರ್ನಾಟಕ ಸರ್ಕಾರವು ಮಾರುಕಟ್ಟೆಯಲ್ಲಿ ಮಾರುವುದು ದೀರ್ಘಾವಧಿಯ ಅಭಿವೃದ್ಧಿ ಸಾಲಪತ್ರಗಳನ್ನು. ಸರ್ಕಾರಕ್ಕೆ ಅಲ್ಪಾವಧಿಯ ಸಾಲ ಏಕೆ ಬೇಕು ಎಂಬುದು ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತನ ಲೆಕ್ಕವನ್ನು ಬಲ್ಲವರಿಗೆ ಹೊಸತೇನಲ್ಲ. ಕಾಲುವೆಗೆ ನೀರು ಬಿಟ್ಟ ಕೂಡಲೇ ನಾಟಿ, ಗೊಬ್ಬರ, ಕೂಲಿಗೆ ಹಣ ಬೇಕಾಗುತ್ತದೆ, ಆದರೆ ಹಣ ಕೈಗೆ ಬರುವುದು ಕೊಯ್ಲಾದ ಮೇಲೆ. ಸರ್ಕಾರಕ್ಕೂ ಸಂಬಳ, ಪಿಂಚಣಿ, ಬಡ್ಡಿಯ ವೆಚ್ಚ ತಿಂಗಳು ತಿಂಗಳೂ ಇದ್ದೇ ಇರುತ್ತದೆ. ಮುಂಗಡ ತೆರಿಗೆಯ ಕಂತುಗಳು ಮಾತ್ರ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ 15ನೇ ತಾರೀಖಿನ ಸುಮಾರಿಗೆ ಒಟ್ಟಿಗೆ ಬಂದು ಬೀಳುತ್ತವೆ. ನಡುವಿನ ಆ ಕೊರತೆಯನ್ನು ತುಂಬುವ ಮುಖ್ಯ ಸಾಧನಗಳಲ್ಲಿ ಖಜಾನೆ ಹುಂಡಿಯೂ ಒಂದು.

ಈಗ ಹರಾಜಾಗುವ ಹುಂಡಿಗಳ ಅವಧಿ 91, 182 ಮತ್ತು 364 ದಿನ. 90, 180, 365 ಎಂದು ಏಕಿಲ್ಲ ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮೂರೂ ಸಂಖ್ಯೆಗಳನ್ನು 7ರಿಂದ ಭಾಗಿಸಿ ನೋಡಿ: ಕ್ರಮವಾಗಿ 13, 26 ಮತ್ತು 52 ವಾರಗಳಾಗುತ್ತವೆ. ಸಾಮಾನ್ಯವಾಗಿ ಹರಾಜು ಬುಧವಾರ ನಡೆದು, ಹಣ ಪಾವತಿಯೂ ಹುಂಡಿಯ ವಿತರಣೆಯೂ ಗುರುವಾರ ಆಗುವುದರಿಂದ, ಆ ಹುಂಡಿಯ ಅವಧಿ ಮುಗಿಯುವುದೂ ಗುರುವಾರವೇ. ಹೀಗಾಗಿ ಹಳೆಯ ಹುಂಡಿಗೆ ಹಣ ಮರಳಿಸಬೇಕಾದ ದಿನವೇ ಹೊಸ ಹುಂಡಿಯ ಹಣ ಸರ್ಕಾರದ ಖಾತೆಗೆ ಬರುತ್ತದೆ. ಇದನ್ನು ಒಮ್ಮೆ ಗ್ರಹಿಸಿದರೆ ಮೂರು ಸಂಖ್ಯೆಗಳನ್ನು ಕಂಠಪಾಠ ಮಾಡುವ ಕಷ್ಟವಿರುವುದಿಲ್ಲ. 91 ದಿನಗಳಿಗಿಂತಲೂ ಕಡಿಮೆ ಅವಧಿಗೆ ಹಣ ಬೇಕಾದಾಗ ಸರ್ಕಾರವು ನಗದು ನಿರ್ವಹಣಾ ಹುಂಡಿಗಳನ್ನು ಹೊರಡಿಸುತ್ತದೆ. ಅವು 2010ರಿಂದ ಬಳಕೆಯಲ್ಲಿವೆ. ಇವಲ್ಲದೆ 14 ದಿನಗಳ ಮಧ್ಯಂತರ ಹುಂಡಿಯೂ ಇದೆ, ಆದರೆ ಅದು ಹರಾಜಿಗೆ ಬರುವುದಿಲ್ಲ. ರಾಜ್ಯ ಸರ್ಕಾರಗಳು ತಮ್ಮಲ್ಲಿ ಉಳಿದ ಹಣವನ್ನು ತಾತ್ಕಾಲಿಕವಾಗಿ ತೊಡಗಿಸುವುದಕ್ಕೆ ಮಾತ್ರ ಅದಿರುವುದು.

ಖಜಾನೆ ಹುಂಡಿಗೆ ಬಡ್ಡಿಯ ಕಂತು ಎಂಬುದಿಲ್ಲ. ಪಿಯುಸಿ ವಾಣಿಜ್ಯಶಾಸ್ತ್ರದಲ್ಲಿ ಹುಂಡಿ ವಟಾಯಿಸುವುದನ್ನು ಓದಿದವರಿಗೆ ಇದು ಬೇಗ ಹೊಳೆಯುತ್ತದೆ: 100 ರೂಪಾಯಿ ಮುಖಬೆಲೆಯ ಪತ್ರವನ್ನು ಸೋಡಿ (ಮುಖಬೆಲೆಯಲ್ಲಿ ಬಿಟ್ಟುಕೊಡುವ ಮೊತ್ತ) ಕಳೆದು, ಉದಾಹರಣೆಗೆ 98 ರೂಪಾಯಿ 40 ಪೈಸೆಗೆ ಕೊಂಡರೆ, ಅವಧಿ ಮುಗಿದಾಗ ಪೂರ್ತಿ 100 ರೂಪಾಯಿ ಕೈಗೆ ಬರುತ್ತದೆ; ನಡುವಿನ 1 ರೂಪಾಯಿ 60 ಪೈಸೆಯೇ ಗಳಿಕೆ. ಮರಳಿ ಬರುವ ಮೊತ್ತ 100 ಎಂದು ಮೊದಲೇ ಗೊತ್ತಾಗಿರುವುದರಿಂದ, ಕೊಳ್ಳುವ ಬೆಲೆ ಏರಿದಷ್ಟೂ ಗಳಿಕೆ ಕರಗುತ್ತದೆ. ನಾವು ಆರು ಜನ ಎಡವಿದ್ದು ಇಲ್ಲೇ.

ಗೊಂದಲಕ್ಕೆ ಕಾರಣ ನಮ್ಮ ತಲೆಯಲ್ಲಿ ಕುಳಿತಿರುವ ಹರಾಜಿನ ಚಿತ್ರ ಎಂದು ನನಗೆ ಅನ್ನಿಸುತ್ತದೆ. ಮನೆಮನೆಗೂ ಗೊತ್ತಿರುವ ಚೀಟಿಯನ್ನು ತೆಗೆದುಕೊಳ್ಳೋಣ. ಇಪ್ಪತ್ತು ಜನ ತಲಾ 5,000 ರೂಪಾಯಿ ಹಾಕಿ ಒಂದು ಲಕ್ಷ ಸೇರಿಸಿದಾಗ, ತುರ್ತು ಇರುವವರು ‘ಹನ್ನೆರಡು ಸಾವಿರ ಬಿಡುತ್ತೇನೆ’, ‘ಹದಿನೈದು ಸಾವಿರ ಬಿಡುತ್ತೇನೆ’ ಎಂದು ಕೂಗುತ್ತಾರೆ. ಹೆಚ್ಚು ಬಿಟ್ಟುಕೊಟ್ಟವರಿಗೆ ಚೀಟಿ ಸಿಗುತ್ತದೆ. ಅಲ್ಲಿ ಹಣ ಬೇಕಾದವರು ಹಲವರು, ಅವರ ನಡುವೆಯೇ ಪೈಪೋಟಿ. ಆದ್ದರಿಂದ ಸೋಡಿ ಮೇಲಕ್ಕೆ ಏರುತ್ತದೆ. ಖಜಾನೆ ಹುಂಡಿಯಲ್ಲಿ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ. ಹಣ ಬೇಕಾದವರು ಒಬ್ಬರೇ, ಅದು ಸರ್ಕಾರ; ಪೈಪೋಟಿ ಇರುವುದು ಹಣ ಕೊಡುವವರ ನಡುವೆ. ‘ನನಗೆ ಇಷ್ಟೇ ಸೋಡಿ ಸಾಕು’ ಎಂದು ಅತಿ ಕಡಿಮೆ ಕೇಳಿದವರಿಗೆ, ಎಂದರೆ ಅತಿ ಹೆಚ್ಚು ಬೆಲೆ ಬರೆದವರಿಗೆ, ಹುಂಡಿ ಮೊದಲು ಸಿಗುತ್ತದೆ. ಇಲ್ಲಿ ಪೈಪೋಟಿ ಹೆಚ್ಚಿದಷ್ಟೂ ಸೋಡಿ ಕೆಳಕ್ಕೆ ಇಳಿಯುತ್ತದೆ. (ಇಳುವರಿ ಎಂದ ಕೂಡಲೇ ನಮ್ಮ ಕಡೆಯವರಿಗೆ ಎಕರೆಗೆ ಎಷ್ಟು ಚೀಲ ಎಂಬುದೇ ನೆನಪಾಗುತ್ತದೆ, ಆ ಅರ್ಥವೂ ಇಲ್ಲಿ ಕೆಟ್ಟದ್ದಲ್ಲ, ಹಾಕಿದ ಹಣಕ್ಕೆ ಬಂದ ಫಸಲು ಎಂದುಕೊಂಡರೆ ಸಾಕು.)

ಇನ್ನು ನಡೆಯುವ ಕ್ರಮ. ಪ್ರತಿ ತ್ರೈಮಾಸಿಕಕ್ಕೆ ಮುನ್ನ ಭಾರತೀಯ ರಿಸರ್ವ್ ಬ್ಯಾಂಕ್, ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ, ಯಾವ ವಾರ ಯಾವ ಅವಧಿಯ ಹುಂಡಿಯನ್ನು ಎಷ್ಟು ಮೊತ್ತಕ್ಕೆ ಹರಾಜು ಮಾಡಲಾಗುವುದು ಎಂಬ ವೇಳಾಪಟ್ಟಿಯನ್ನು ಪ್ರಕಟಿಸುತ್ತದೆ. ಹೀಗೆ ಘೋಷಿಸಿದ ಮೊತ್ತಕ್ಕೆ ಅಧಿಸೂಚಿತ ಮೊತ್ತ ಎನ್ನುತ್ತಾರೆ. ಹರಾಜಿನ ದಿನ ಬ್ಯಾಂಕುಗಳು, ಪ್ರಾಥಮಿಕ ಡೀಲರುಗಳು (ಸರ್ಕಾರಿ ಸಾಲಪತ್ರಗಳ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಮಾನ್ಯತೆ ಪಡೆದ ಸಂಸ್ಥೆಗಳು), ಮ್ಯೂಚುವಲ್ ಫಂಡುಗಳು, ವಿಮಾ ಕಂಪನಿಗಳು ರಿಸರ್ವ್ ಬ್ಯಾಂಕಿನ ಇ-ಕುಬೇರ್ ವ್ಯವಸ್ಥೆಯಲ್ಲಿ ತಮ್ಮ ಬಿಡ್ ಸಲ್ಲಿಸುತ್ತವೆ. ಒಬ್ಬರ ಬಿಡ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದ್ದರಿಂದ ಇದು ಕೂಗಿ ಏರಿಸುವ ಸವಾಲಿಗಿಂತ ನಮ್ಮ ಗಂಜ್‌ನ (ಕೃಷಿ ಮಾರುಕಟ್ಟೆಯ) ಟೆಂಡರಿಗೆ ಹತ್ತಿರ. ವ್ಯತ್ಯಾಸ ಒಂದಿದೆ: ಗಂಜ್‌ನಲ್ಲಿ ಹತ್ತಿಯ ಒಂದು ಲಾಟ್ ಅತಿ ಹೆಚ್ಚು ದರ ಹಾಕಿದ ಒಬ್ಬ ಖರೀದಿದಾರನ ಪಾಲಾಗುತ್ತದೆ, ಇಲ್ಲಿಯಾದರೆ ಒಂದೇ ಬಗೆಯ ಹುಂಡಿ ಸಾವಿರಾರು ಕೋಟಿ ರೂಪಾಯಿಗಳಷ್ಟಿರುವುದರಿಂದ, ಮೇಲಿನ ಬೆಲೆಯಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಅಧಿಸೂಚಿತ ಮೊತ್ತ ತುಂಬುವವರೆಗೆ ಹಂಚಬೇಕಾಗುತ್ತದೆ. ಹಂಚಿಕೆ ನಿಂತ ಮೆಟ್ಟಿಲೇ ಕಟ್-ಆಫ್ ಬೆಲೆ.

ಬಿಡ್‌ಗಳಲ್ಲಿ ಎರಡು ಬಗೆ. ಬೆಲೆ ಮತ್ತು ಮೊತ್ತ ಎರಡನ್ನೂ ಬರೆಯುವುದು ಸ್ಪರ್ಧಾತ್ಮಕ ಬಿಡ್. ಮೊತ್ತವನ್ನಷ್ಟೇ ಬರೆದು, ಹರಾಜಿನಲ್ಲಿ ಹೊರಬಿದ್ದ ತೂಕದ ಸರಾಸರಿ ಬೆಲೆಯನ್ನು ಒಪ್ಪಿಕೊಳ್ಳುವುದು ಸ್ಪರ್ಧಾತ್ಮಕವಲ್ಲದ ಬಿಡ್. ರಾಜ್ಯ ಸರ್ಕಾರಗಳು, ಅರ್ಹ ಭವಿಷ್ಯ ನಿಧಿಗಳು ಮುಂತಾದವು ಈ ಎರಡನೆಯ ಬಗೆಯಲ್ಲಿ ಪಡೆಯುವ ಹುಂಡಿಗಳು ಅಧಿಸೂಚಿತ ಮೊತ್ತದ ಹೊರಗಿನವು. ಸಾಮಾನ್ಯ ವ್ಯಕ್ತಿಗಳಿಗಾದರೆ ಅಧಿಸೂಚಿತ ಮೊತ್ತದ ಒಳಗೇ ಗರಿಷ್ಠ ಶೇ. 5ರಷ್ಟು ಮೀಸಲು. ಒಳಗೆ, ಹೊರಗೆ ಎಂಬ ಈ ಭೇದವನ್ನು ಬಹುಪಾಲು ಗೈಡುಗಳು ಹಾರಿಸಿಬಿಡುತ್ತವೆ; ಲೆಕ್ಕ ಮಾಡುವಾಗ ಅದೇ ಕೈಕೊಡುತ್ತದೆ.

ಒಂದು ಲೆಕ್ಕವನ್ನು ಪೂರ್ತಿ ಮಾಡೋಣ. ಅಂಕಿಗಳು ಕಲ್ಪಿತ, ಅನುಕೂಲಕ್ಕಾಗಿ ಚಿಕ್ಕವು. 91 ದಿನಗಳ ಹುಂಡಿ, ಅಧಿಸೂಚಿತ ಮೊತ್ತ 100 ಕೋಟಿ ರೂಪಾಯಿ. ಸಾಮಾನ್ಯ ವ್ಯಕ್ತಿಗಳಿಂದ ಬಂದ ಸ್ಪರ್ಧಾತ್ಮಕವಲ್ಲದ ಬಿಡ್‌ಗಳು 4 ಕೋಟಿ. ಇದು 5 ಕೋಟಿಯ ಮಿತಿಯೊಳಗಿರುವುದರಿಂದ ಪೂರ್ತಿ ಸಿಗುತ್ತದೆ. ಉಳಿದ 96 ಕೋಟಿಗೆ ಐದು ಸ್ಪರ್ಧಾತ್ಮಕ ಬಿಡ್‌ಗಳಿವೆ:

ಅ: 98.48 ರೂಪಾಯಿಗೆ 30 ಕೋಟಿ
ಆ: 98.45 ರೂಪಾಯಿಗೆ 25 ಕೋಟಿ
ಇ: 98.42 ರೂಪಾಯಿಗೆ 20 ಕೋಟಿ
ಈ: 98.40 ರೂಪಾಯಿಗೆ 40 ಕೋಟಿ
ಉ: 98.36 ರೂಪಾಯಿಗೆ 30 ಕೋಟಿ

ಮೇಲಿನ ಮೂವರಿಗೆ ಕೇಳಿದಷ್ಟೂ ಕೊಟ್ಟರೆ 75 ಕೋಟಿ ಮುಗಿಯುತ್ತದೆ. ಉಳಿದದ್ದು 21 ಕೋಟಿ. ‘ಈ’ ಅವರು ಕೇಳಿದ್ದು 40 ಕೋಟಿ, ಸಿಗುವುದು 21 ಕೋಟಿ, ಅಂದರೆ ಶೇ. 52.5ರಷ್ಟು ಭಾಗಶಃ ಹಂಚಿಕೆ. ಕಟ್-ಆಫ್ ಬೆಲೆ 98.40 ರೂಪಾಯಿ, ಉ ಅವರಿಗೆ ಏನೂ ಇಲ್ಲ. ಉ ಅವರು ಬಯಸಿದ್ದು ಎಲ್ಲರಿಗಿಂತ ಹೆಚ್ಚಿನ ಇಳುವರಿ, ಬರಿಗೈಯಲ್ಲಿ ಉಳಿದವರೂ ಅವರೇ.

ಇಳುವರಿಯ ಸೂತ್ರ ಸರಳ: ಗಳಿಕೆಯನ್ನು ಕೊಟ್ಟ ಬೆಲೆಯಿಂದ ಭಾಗಿಸಿ, 365ರಿಂದ ಗುಣಿಸಿ, ಹುಂಡಿಯ ದಿನಗಳಿಂದ ಭಾಗಿಸಿ, 100ರಿಂದ ಗುಣಿಸಬೇಕು. 98.40ಕ್ಕೆ ಗಳಿಕೆ 1.60, ಇಳುವರಿ ಶೇ. 6.52. ಅ ಅವರು ಕೊಟ್ಟ 98.48ಕ್ಕೆ ಶೇ. 6.19 ಮಾತ್ರ. ಉ ಅವರು ಕೇಳಿದ್ದು ಶೇ. 6.69. ಇಲ್ಲಿ ಭಾಜಕವಾಗಿ ಮುಖಬೆಲೆಯಾದ 100ನ್ನು ಹಾಕುವುದು ಸಾಮಾನ್ಯವಾದ ತಪ್ಪು. ಅಮೆರಿಕದಲ್ಲಿ ಹುಂಡಿಯ ಬಿಡ್ ಬೆಲೆಯಲ್ಲಿ ಇರುವುದಿಲ್ಲ, ಸೋಡಿ ದರದಲ್ಲಿ ಇರುತ್ತದೆ. ಆ ದರವನ್ನು ಲೆಕ್ಕ ಹಾಕುವುದು ಮುಖಬೆಲೆಯ ಮೇಲೆ, ವರ್ಷಕ್ಕೆ 360 ದಿನ ಎಂದು. ಆ ರೀತಿ ಲೆಕ್ಕ ಹಾಕಿದರೆ ಇದೇ 98.40 ರೂಪಾಯಿಯ ಹುಂಡಿ ಶೇ. 6.33 ಎಂದು ಕಾಣುತ್ತದೆ. ಹುಂಡಿ ಒಂದೇ, ಗಳಿಕೆ ಒಂದೇ, ಅಳತೆಗೋಲು ಬೇರೆ. ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಉದಾಹರಣೆಗಳನ್ನು ನೋಡಿ ಅಭ್ಯಾಸ ಮಾಡುವವರು ಇದನ್ನು ಗಮನಿಸಬೇಕು.

ಈಗ ಬರುವುದು ಯಾರು ಎಷ್ಟು ಕೊಡಬೇಕು ಎಂಬ ಪ್ರಶ್ನೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ರುಚಿಯಿರುವ ಭಾಗ. ನಮ್ಮಲ್ಲಿ ಖಜಾನೆ ಹುಂಡಿಗೆ ಬಹುಬೆಲೆ ವಿಧಾನವಿದೆ: ಗೆದ್ದ ಪ್ರತಿಯೊಬ್ಬರೂ ತಾವು ಬರೆದ ಬೆಲೆಯನ್ನೇ ಕೊಡಬೇಕು. ಅ 98.48, ಆ 98.45, ಇ 98.42, ಈ 98.40. ಏಕರೂಪ ಬೆಲೆಯ ವಿಧಾನದಲ್ಲಾದರೆ ನಾಲ್ವರೂ ಕಟ್-ಆಫ್ ಬೆಲೆಯಾದ 98.40ನ್ನೇ ಕೊಟ್ಟರೆ ಸಾಕಿತ್ತು. ಎರಡರ ನಡುವಿನ ವ್ಯತ್ಯಾಸವನ್ನು ಕೂಡಿಸಿ ನೋಡಿ: ಅ ಅವರಿಂದ 2.40 ಲಕ್ಷ, ಆ ಅವರಿಂದ 1.25 ಲಕ್ಷ, ಇ ಅವರಿಂದ 40 ಸಾವಿರ, ಒಟ್ಟು 4.05 ಲಕ್ಷ ರೂಪಾಯಿ ಸರ್ಕಾರಕ್ಕೆ ಹೆಚ್ಚು ಬಂದಂತಾಯಿತು. ಹಾಗಿದ್ದರೆ ಬಹುಬೆಲೆ ವಿಧಾನವೇ ಸರ್ಕಾರಕ್ಕೆ ಲಾಭದಾಯಕ ಎಂದು ಬರೆದುಬಿಡಬಹುದೇ? ಬರೆಯಬಾರದು. ತಾನು ಬರೆದ ಬೆಲೆಯನ್ನೇ ತೆರಬೇಕೆಂದು ಗೊತ್ತಿರುವ ಅ, ಪಕ್ಕದವನಿಗಿಂತ ಎಂಟು ಪೈಸೆ ಹೆಚ್ಚು ಕೊಟ್ಟು ಪೇಚಾಡುವ ಭಯದಿಂದ ಮೊದಲೇ ತನ್ನ ಬೆಲೆಯನ್ನು ತಗ್ಗಿಸಿ ಬರೆಯುತ್ತಾನೆ. ಏಕರೂಪ ಬೆಲೆಯಲ್ಲಿ ಆ ಭಯವಿಲ್ಲದ್ದರಿಂದ ಧೈರ್ಯವಾಗಿ ಬರೆಯುತ್ತಾನೆ. ವಿಧಾನ ಬದಲಾದರೆ ಬಿಡ್‌ಗಳೂ ಬದಲಾಗುತ್ತವೆ, ಆದ್ದರಿಂದ ಒಂದೇ ಪಟ್ಟಿಯನ್ನು ಎರಡೂ ವಿಧಾನಗಳಿಗೆ ಹಚ್ಚಿ ತೀರ್ಪು ಕೊಡುವುದು ಸರಿಯಲ್ಲ. ಅಮೆರಿಕದ ಖಜಾನೆಯು 1998ರಿಂದ ತನ್ನ ಎಲ್ಲ ಹರಾಜುಗಳನ್ನೂ ಏಕರೂಪ ಬೆಲೆಯಲ್ಲಿಯೇ ನಡೆಸುತ್ತಿದೆ.

ಸ್ಪರ್ಧಾತ್ಮಕವಲ್ಲದ ಬಿಡ್ ಹಾಕಿದವರ ಬೆಲೆ ತೂಕದ ಸರಾಸರಿ: ಗೆದ್ದ ಪ್ರತಿ ಬೆಲೆಯನ್ನು ಅದರ ಮೊತ್ತದಿಂದ ಗುಣಿಸಿ, ಕೂಡಿಸಿ, 96ರಿಂದ ಭಾಗಿಸಿದರೆ 98.4422 ರೂಪಾಯಿ ಬರುತ್ತದೆ. ಖಜಾನೆ ಹುಂಡಿಯ ಕನಿಷ್ಠ ಖರೀದಿ 10,000 ರೂಪಾಯಿ ಮುಖಬೆಲೆಯದ್ದು. ರಾಯಚೂರಿನ ಒಬ್ಬ ಶಿಕ್ಷಕಿ ಅಷ್ಟಕ್ಕೆ ಬಿಡ್ ಹಾಕಿದ್ದರೆ, ಅವರು ಕೊಡುವುದು 9,844 ರೂಪಾಯಿ 22 ಪೈಸೆ, 91 ದಿನಗಳ ನಂತರ ಪಡೆಯುವುದು 10,000, ಇಳುವರಿ ಶೇ. 6.35. ಇದಕ್ಕಾಗಿ ಅವರು ಬೆಂಗಳೂರಿಗೋ ಮುಂಬಯಿಗೋ ಹೋಗಬೇಕಿಲ್ಲ. 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆಯಡಿ ಆನ್‌ಲೈನಿನಲ್ಲಿಯೇ ಖಾತೆ ತೆರೆದು ಬಿಡ್ ಹಾಕಬಹುದು. ಬ್ಯಾಂಕುಗಳು ಇದೇ ಹುಂಡಿಗಾಗಿ ಮುಗಿಬೀಳುವುದಕ್ಕೆ ಇನ್ನೊಂದು ಕಾರಣವಿದೆ: ಠೇವಣಿ ಮೊದಲಾದ ಹೊಣೆಗಳ ಶೇ. 18ರಷ್ಟನ್ನು ಅವು ಶಾಸನಬದ್ಧ ದ್ರವ್ಯತಾ ಅನುಪಾತಕ್ಕಾಗಿ (ಎಸ್‌ಎಲ್‌ಆರ್) ನಗದು, ಚಿನ್ನ ಅಥವಾ ಸರ್ಕಾರಿ ಸಾಲಪತ್ರಗಳ ರೂಪದಲ್ಲಿ ಇಡಲೇಬೇಕು, ಖಜಾನೆ ಹುಂಡಿ ಆ ಲೆಕ್ಕಕ್ಕೆ ಸೇರುತ್ತದೆ.

ಇತಿಹಾಸದಿಂದ ಪರೀಕ್ಷೆಗೆ ಬೇಕಾದದ್ದು ಸ್ವಲ್ಪವೇ. 1974ರಿಂದ ಬಹುಕಾಲ ಹುಂಡಿಯ ಸೋಡಿ ದರವನ್ನು ಶೇ. 4.6 ಎಂದು ಗಟ್ಟಿಮಾಡಲಾಗಿತ್ತು. ಸರ್ಕಾರಕ್ಕೆ ಹಣ ಬೇಕಾದಾಗ ರಿಸರ್ವ್ ಬ್ಯಾಂಕಿನ ಹೆಸರಿಗೇ ತತ್ಕಾಲದ ಹುಂಡಿಗಳು ಹುಟ್ಟುತ್ತಿದ್ದವು, ಅಂದರೆ ಪ್ರಾಯೋಗಿಕವಾಗಿ ನೋಟು ಮುದ್ರಿಸಿದಂತೆಯೇ. 182 ದಿನಗಳ ಹುಂಡಿ 1986ರಲ್ಲಿ, 364 ದಿನಗಳದ್ದು 1992ರಲ್ಲಿ ಬಂದವು. 91 ದಿನಗಳ ಹುಂಡಿಯ ಹರಾಜು 1993ರ ಜನವರಿಯಲ್ಲಿ ಶುರುವಾಯಿತು. 1997ರ ಏಪ್ರಿಲ್‌ನಿಂದ ತತ್ಕಾಲದ ಹುಂಡಿಗಳು ನಿಂತು, ಮಿತಿಯಿರುವ ಅರ್ಥೋಪಾಯ ಮುಂಗಡ (ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕೊಡುವ ತಾತ್ಕಾಲಿಕ ಸಾಲ) ಅವುಗಳ ಜಾಗಕ್ಕೆ ಬಂದಿತು.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಸಾಮಾನ್ಯ ವ್ಯಕ್ತಿಗಳ ಬಿಡ್ 4 ಕೋಟಿಯ ಬದಲು 8 ಕೋಟಿ ಎಂದಿಟ್ಟುಕೊಳ್ಳಿ. ಉಳಿದುದೆಲ್ಲ ಹಾಗೆಯೇ ಇರಲಿ. ಮೊದಲು ಸ್ವತಃ ಮಾಡಿ, ಆಮೇಲೆ ಮುಂದಿನ ಸಾಲುಗಳನ್ನು ಓದಿ. 5 ಕೋಟಿ ಮಿತಿ ಮೀರಿರುವುದರಿಂದ ಅವರಿಗೆ ಕೇಳಿದ್ದರಲ್ಲಿ ಶೇ. 62.5 ಮಾತ್ರ ಸಿಗುತ್ತದೆ. ಸ್ಪರ್ಧೆಗೆ ಉಳಿಯುವುದು 95 ಕೋಟಿ. ‘ಈ’ ಅವರ ಪಾಲು 20 ಕೋಟಿಗೆ ಇಳಿದು ಭಾಗಶಃ ಹಂಚಿಕೆ ಶೇ. 50 ಆಗುತ್ತದೆ. ಕಟ್-ಆಫ್ 98.40ರಲ್ಲಿಯೇ ನಿಲ್ಲುತ್ತದೆ, ಆದರೆ ಕಡಿಮೆ ಬೆಲೆಯವರ ತೂಕ ತಗ್ಗಿದ್ದರಿಂದ ಸರಾಸರಿ 98.4426ಕ್ಕೆ ಏರುತ್ತದೆ, ಮತ್ತು ನಮ್ಮ ಶಿಕ್ಷಕಿ ಪ್ರತಿ 10,000 ರೂಪಾಯಿ ಮುಖಬೆಲೆಗೆ ನಾಲ್ಕು ಪೈಸೆ ಹೆಚ್ಚು ಕೊಡುತ್ತಾರೆ.