ಕಡಲೆಬೀಜ ಕಳಿಸಿದವರು, ಸ್ಯಾಂಡ್‌ವಿಚ್ ತಿಂದವರು

ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವನು. ಮದುವೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಕೇಳುವುದು ಒಂದೇ: "ಪ್ರೋಮೊ ಕೆಳಗೆ ಅಷ್ಟು ಜನ ಬೈತಾರಲ್ಲ, ನೀವು ಓದ್ತೀರಾ?" ಓದುತ್ತೇವೆ. ಓದಲ್ಲ ಅನ್ನುವವರು ರಾತ್ರಿ ಮಲಗುವ ಮುಂಚೆ ಕದ್ದು ಓದುತ್ತಾರೆ. ಓದಿದ್ದಕ್ಕೆ ಕಥೆ ಬದಲಾಗುತ್ತಾ? ಅದಕ್ಕೆ ನಾನು ಅಮೆರಿಕದ ಕಡಲೆಬೀಜದ ಕಥೆ ಹೇಳುತ್ತೇನೆ.

2006ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ 'ಜೆರಿಕೊ' ಶುರುವಾಯಿತು. ಅಣುಬಾಂಬ್ ದಾಳಿ ಆದ ಮೇಲೆ ಕನ್ಸಾಸ್‌ನ ಒಂದು ಸಣ್ಣ ಊರು ಹೇಗೆ ಬದುಕುತ್ತದೆ ಅನ್ನುವ ಕಥೆ. 2007ರ ಮೇನಲ್ಲಿ ಚಾನೆಲ್ ಅದನ್ನು ನಿಲ್ಲಿಸಿತು. ಕೊನೆಯ ಕಂತಿನಲ್ಲಿ, ಶರಣಾಗು ಅಂದವರಿಗೆ ನಾಯಕ ಕೊಡುವ ಉತ್ತರ 'ನಟ್ಸ್'. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಒಬ್ಬ ಸೇನಾಧಿಕಾರಿ ಜರ್ಮನ್ನರಿಗೆ ಹೇಳಿದ ಮಾತು ಅದು. ನಮ್ಮಲ್ಲಾದರೆ 'ಹೋಗ್ರಯ್ಯ' ಅಂದ ಹಾಗೆ. ಇಂಗ್ಲಿಷಿನಲ್ಲಿ 'ನಟ್ಸ್' ಅಂದರೆ ಕಡಲೆಬೀಜದಂಥ ಬೀಜಗಳೂ ಹೌದು. ಅಭಿಮಾನಿಗಳು ಆ ಪದವನ್ನೇ ಹಿಡಿದರು. ಆನ್‌ಲೈನ್‌ನಲ್ಲಿ ಒಟ್ಟಾಗಿ, ಸುಮಾರು 20 ಟನ್ ಕಡಲೆಬೀಜವನ್ನು ಸಿಬಿಎಸ್ ಕಚೇರಿಗೆ ಕಳಿಸಿದರು!

ಚಾನೆಲ್ ಮಣಿಯಿತು. ಆದರೆ ಕೊಟ್ಟಿದ್ದು 7 ಕಂತು ಮಾತ್ರ. ಜೊತೆಗೆ ಅಭಿಮಾನಿಗಳಿಗೆ ಒಂದು ಮನವಿ: ಪ್ರಸಾರದ ಹೊತ್ತಿಗೇ ಟಿವಿಯಲ್ಲಿ ನೋಡಿ, ಇನ್ನಷ್ಟು ಜನರನ್ನು ಕರೆತನ್ನಿ. ಜನ ಬರಲಿಲ್ಲ. 2008ರ ಮಾರ್ಚ್‌ನಲ್ಲಿ ಸರಣಿ ಮತ್ತೆ ನಿಂತಿತು, ಈ ಸಲ ಪೂರ್ತಿಯಾಗಿ.

ಮುಂದಿನ ವರ್ಷ ಎನ್‌ಬಿಸಿಯ 'ಚಕ್' ಸರಣಿಗೂ ಅದೇ ಗತಿ ಬರುವುದರಲ್ಲಿತ್ತು. ಇದರ ಅಭಿಮಾನಿಗಳು ಮಾತ್ರ ಗಟ್ಟಿಗರು. ಚಾನೆಲ್‌ಗೆ ಪತ್ರ ಬರೆಯುತ್ತಾ ಕೂರಲಿಲ್ಲ. ಸರಣಿಗೆ ದುಡ್ಡು ಕೊಡುವವರು ಯಾರು ಅಂತ ನೋಡಿದರು. ಸಬ್‌ವೇ ಅಂಗಡಿಗಳ ಜಾಹೀರಾತು ಕಂಡಿತು. ಸೀಸನ್ನಿನ ಕೊನೆಯ ಕಂತಿನ ದಿನ ಸಬ್‌ವೇಗೆ ಹೋಗಿ ಸ್ಯಾಂಡ್‌ವಿಚ್ ಕೊಂಡರು, 'ಚಕ್' ನೋಡುವವರು ನಾವು ಅಂತ ಹೇಳಿ ಬಂದರು. ಸಬ್‌ವೇ ಕೈಜೋಡಿಸಿತು, ಸರಣಿ ಮುಂದುವರಿದು 2012ರವರೆಗೆ ನಡೆಯಿತು. ಟಿವಿಗೆ ನೋಡುಗರು ಗಿರಾಕಿಗಳಲ್ಲ, ಸರಕು. ಗಿರಾಕಿ ಜಾಹೀರಾತಿನವರು. ಕೇಳೋಕೆ ಕಹಿ, ಆದರೆ ನಮ್ಮ ಸಂಬಳ ಬರುವುದೇ ಅಲ್ಲಿಂದ.

ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಅಂದರೆ ಟಿಆರ್‌ಪಿ, ಅದನ್ನು ಅಳೆಯುವ ಸಂಸ್ಥೆ ಬಾರ್ಕ್‌ನಿಂದ ಪ್ರತಿ ಗುರುವಾರ ಬರುತ್ತದೆ. ಇಡೀ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ, ಟಿವಿಯಲ್ಲಿ ಏನು ನೋಡುತ್ತಾರೆ ಅಂತ ದಾಖಲಿಸುವ ಮೀಟರ್ ಇದೆ. ಯಾವ ಮನೆ ಅನ್ನೋದು ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಫೋನಿನಲ್ಲಿ ತುಣುಕು ನೋಡಿ ನಾಯಕ-ನಾಯಕಿ ಜೋಡಿಯ ಹೆಸರಲ್ಲಿ ಅಭಿಮಾನಿ ಪೇಜ್ ನಡೆಸುವ ಹುಡುಗಿ ಈ ಮೀಟರ್‌ಗೆ ಕಾಣುವುದೇ ಇಲ್ಲ. ಅವಳ ಅಜ್ಜಿ ಕಾಣಬಹುದು. ಅಜ್ಜಿ ಕಮೆಂಟ್ ಹಾಕಲ್ಲ.

ಹಾಗಂತ ಪೇಜ್‌ಗಳು ಸುಮ್ನೆ ಅಲ್ಲ. ಯಾವ ಜೋಡಿಯ ತುಣುಕು ಜಾಸ್ತಿ ಓಡುತ್ತದೋ ಪ್ರೋಮೊ ಅದರ ಮೇಲೇ ಕಟ್ ಆಗುತ್ತದೆ. ಮುಂದಿನ ಧಾರಾವಾಹಿಗೆ ನಾಯಕಿ ಬೇಕಾದಾಗ ಯಾರಾದರೂ ಫಾಲೋವರ್ಸ್ ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ನಟನೆಯ ಮಾತು ಆಮೇಲೆ ಬರುತ್ತದೆ. ನನಗೆ ಇದು ಇಷ್ಟವಿಲ್ಲ. ಇನ್ನು ಬಿಗ್ ಬಾಸ್‌ನಲ್ಲಂತೂ ವೋಟು ಹಾಕಲು ಆ್ಯಪ್‌ಗೇ ಹೋಗಬೇಕು. ಅಲ್ಲಿ ಅಭಿಮಾನಿಯ ಬೆರಳೇ ಲೆಕ್ಕ. ಅದಕ್ಕೇ ಅಲ್ಲಿ ಅಭಿಮಾನಿ ಸೈನ್ಯಗಳಿಗೆ ಅಷ್ಟು ಬೆಲೆ.

ದಿನದ ಧಾರಾವಾಹಿಯಲ್ಲಿ ಮಾತ್ರ ಕಮೆಂಟ್ ನಂಬುವುದು ಕಷ್ಟ. ಒಮ್ಮೆ ನಮ್ಮ ವಿಲನ್ ಅತ್ತೆಯನ್ನು ಜೈಲಿಗೆ ಕಳಿಸಿ ಅಂತ ವಾರಗಟ್ಟಲೆ ಬೈಗುಳ ಬಂತು. ಮೊದಲೇ ಚಿತ್ರೀಕರಿಸಿ ಇಟ್ಟಿದ್ದ ಎಪಿಸೋಡ್‌ಗಳನ್ನು ಪಕ್ಕಕ್ಕಿಟ್ಟು, ರಾತ್ರೋರಾತ್ರಿ ಕಥೆಯ ಟ್ರ್ಯಾಕ್ ತಿರುಗಿಸಿ ಅತ್ತೆಯನ್ನು ಜೈಲಿಗೆ ಕಳಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುವಾರ ನಂಬರ್ ಬಿತ್ತು. ಮುಂದಿನ ಗುರುವಾರ ಇನ್ನೂ ಬಿತ್ತು. ಮೂರನೇ ವಾರ ಅತ್ತೆಗೆ ಬೇಲ್ ಸಿಕ್ಕಿತು. ಆ ಪ್ರೋಮೊವನ್ನು ಎಲ್ಲರಿಗಿಂತ ಮೊದಲು ಹಂಚಿದ್ದು ಅವಳನ್ನು ಬೈಯುತ್ತಿದ್ದ ಪೇಜ್‌ಗಳೇ.