ಶಾರ್ಕ್ ಮರಿಗಳ ನರ್ಸರಿ ಹುಡುಕುವುದು ಹೇಗೆ? ಸ್ವಯಂಸೇವಕರ ಸಮೀಕ್ಷೆ ಕುರಿತು ಅಧ್ಯಯನ ಟಿಪ್ಪಣಿ

ಸಮುದ್ರದ ಒಂದು ಮೂಲೆಯಲ್ಲಿ ಶಾರ್ಕ್ ಮರಿಗಳು ಕಂಡವು ಎಂದಿಟ್ಟುಕೊಳ್ಳಿ. ಅಷ್ಟಕ್ಕೇ ಅದನ್ನು ನರ್ಸರಿ, ಅಂದರೆ ಮರಿಗಳು ಬೆಳೆಯುವ ತಾಣ, ಎನ್ನಬಹುದೇ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಹೌದು ಎಂದೇ ಬರೆಯುತ್ತೇವೆ. ಬಹಳ ವರ್ಷ ಸಂಶೋಧಕರ ಬಳಕೆಯೂ ಹೆಚ್ಚುಕಡಿಮೆ ಹಾಗೇ ಇತ್ತು. ಮರಿಯೋ ಬಸಿರಾದ ಹೆಣ್ಣೋ ಸಿಕ್ಕ ಕೊಲ್ಲಿ, ಅಳಿವೆಗಳೆಲ್ಲ ನರ್ಸರಿ ಎನಿಸಿಕೊಳ್ಳುತ್ತಿದ್ದವು. ಕರಾವಳಿ ಉದ್ದಕ್ಕೂ ನರ್ಸರಿಯೇ ಎಂದಾದರೆ ಎಲ್ಲಿ ಬಲೆ ಹಾಕುವುದನ್ನು ನಿಲ್ಲಿಸಬೇಕು, ಎಲ್ಲಿ ಹೂಳೆತ್ತುವುದನ್ನು ತಡೆಯಬೇಕು ಎಂದು ಹೇಳುವುದು ಹೇಗೆ?

2007ರಲ್ಲಿ ಸಂಶೋಧಕರಾದ ಮಿಷೆಲ್ ಹ್ಯೂಪೆಲ್, ಜಾನ್ ಕಾರ್ಲ್‌ಸನ್ ಮತ್ತು ಕಾಲಿನ್ ಸಿಂಪ್‌ಫೆಂಡಾರ್ಫರ್ ಮೂರು ಷರತ್ತುಗಳನ್ನು ಮುಂದಿಟ್ಟರು. ಒಂದು, ಬೇರೆ ಜಾಗಗಳಿಗಿಂತ ಇಲ್ಲಿ ಮರಿಗಳು ಹೆಚ್ಚಾಗಿ ಸಿಗಬೇಕು. ಎರಡು, ಅವು ಇಲ್ಲಿ ಬಹುಕಾಲ ಉಳಿಯಬೇಕು, ಇಲ್ಲವೇ ಹೊರಗೆ ಹೋದರೂ ಮತ್ತೆ ಮತ್ತೆ ಮರಳಬೇಕು. ಮೂರು, ವರ್ಷ ವರ್ಷವೂ ಇದೇ ಜಾಗ ಬಳಕೆಯಾಗಬೇಕು. ಮರಿ ಎಂದರೆ ಇಲ್ಲಿ ಮುಖ್ಯವಾಗಿ ಆಗಷ್ಟೇ ಹುಟ್ಟಿದ್ದು, ವರ್ಷ ತುಂಬದ್ದು. ಮೂರು ಷರತ್ತೂ ಕೂಡಿದಾಗ ಮಾತ್ರ ಆ ಜಾಗ ನರ್ಸರಿ.

ಬಾಯಿಪಾಠ ಮಾಡಲು ಇದು ಸುಲಭ. ಆದರೆ ಒಂದೊಂದು ಷರತ್ತೂ ಏನು ಕೇಳುತ್ತಿದೆ ನೋಡಿ. ಮೊದಲನೆಯದಕ್ಕೆ, ಮರಿ ಇಲ್ಲದ ಜಾಗಗಳನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕಿರಬೇಕು. ಎರಡನೆಯದಕ್ಕೆ, ಇಂದು ಕಂಡ ಮರಿಯೇ ಮುಂದಿನ ತಿಂಗಳೂ ಕಂಡಿತು ಎಂದು ಗುರುತು ಹಿಡಿಯುವ ದಾರಿ ಬೇಕು. ಮೂರನೆಯದಕ್ಕೆ ವರ್ಷಗಳೇ ಬೇಕು. ಇಬ್ಬರು ಸಂಶೋಧಕರು ಒಂದು ಅನುದಾನದ ಅವಧಿಯಲ್ಲಿ ಮುಗಿಸುವ ಕೆಲಸ ಇದಲ್ಲ. ಸ್ವಯಂಸೇವಕರು ಬೇಕಾಗುವುದು ಇದಕ್ಕೇ.

ಮೂರನೆಯ ಷರತ್ತಿಗೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಬಹಾಮಾಸ್‌ನ ಬಿಮಿನಿ ದ್ವೀಪ. ಶಾರ್ಕ್ ಸಂಶೋಧಕ ಸ್ಯಾಮ್ಯುಯೆಲ್ ಗ್ರೂಬರ್ 1990ರಲ್ಲಿ ಅಲ್ಲಿ ಕ್ಷೇತ್ರ ಕೇಂದ್ರವೊಂದನ್ನು ಕಟ್ಟಿದರು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನ ಆಳವಿಲ್ಲದ ನೀರಿನಲ್ಲಿ ಲೆಮನ್ ಶಾರ್ಕ್ ಮರಿಗಳನ್ನು ಹಿಡಿದು, ಚರ್ಮದಡಿ ಪುಟ್ಟ ಚಿಪ್ ಇಟ್ಟು, ಡಿಎನ್‌ಎ ಪರೀಕ್ಷೆಗೆ ರೆಕ್ಕೆಯ ತುದಿಯಿಂದ ಚೂರು ತೆಗೆದು, ಮತ್ತೆ ನೀರಿಗೆ ಬಿಡುವ ಕೆಲಸ ವರ್ಷಗಟ್ಟಲೆ ನಡೆಯಿತು. 1993ರಿಂದ 1997ರ ನಡುವೆ ಅಲ್ಲಿ ಹುಟ್ಟಿದ ಕನಿಷ್ಠ ಆರು ಹೆಣ್ಣುಗಳು 14ರಿಂದ 17 ವರ್ಷಗಳ ನಂತರ ಅಲ್ಲಿಗೇ ಬಂದು ಮರಿ ಹಾಕಿದ್ದು ಆ ದಾಖಲೆಗಳಿಂದಲೇ ಗೊತ್ತಾಯಿತು. ತಾನು ಹುಟ್ಟಿದ ಜಾಗಕ್ಕೇ ಹೆರಿಗೆಗೆ ಬರುವ ತಾಯಿ! ಅಂಥ ಜಾಗ ಹಾಳಾದರೆ ಆ ತಾಯಿ ಪಕ್ಕದ ಕೊಲ್ಲಿಗೆ ಹೋಗಿ ಹೊಂದಿಕೊಂಡೀತು ಎಂದು ನೆಚ್ಚಿ ಕೂರುವಂತಿಲ್ಲ.

ಮರಳಿನಡಿಯ ಮರಿ

ಹುಡುಕುವ ಕೆಲಸ ಎಷ್ಟು ಕಷ್ಟ ಎಂದು ತಿಳಿಯಲು ಏಂಜೆಲ್ ಶಾರ್ಕ್ ನೋಡಬೇಕು. ಇದು ನಮ್ಮ ಕಣ್ಣಿಗೆ ಶಾರ್ಕ್ ಅನ್ನಿಸುವುದೇ ಇಲ್ಲ. ಮೈ ಚಪ್ಪಟೆ, ಅಕ್ಕಪಕ್ಕದ ರೆಕ್ಕೆಗಳು ಅಗಲ. ಹಗಲೆಲ್ಲ ಮರಳಿನಡಿ ಅಡಗಿ ಮಲಗಿದ್ದು, ಬಾಯಿಯ ಹತ್ತಿರ ಬಂದ ಮೀನನ್ನು ಗಬಕ್ಕನೆ ಹಿಡಿಯುತ್ತದೆ. ಬೆಳೆದ ಹೆಣ್ಣು 2.4 ಮೀಟರ್ ಮುಟ್ಟಬಹುದು. ಹುಟ್ಟುವಾಗ ಮರಿಯ ಉದ್ದ ಸುಮಾರು 24ರಿಂದ 30 ಸೆಂ.ಮೀ. ಒಂದು ಕಾಲಕ್ಕೆ ಉತ್ತರ ಯುರೋಪಿನಿಂದ ಮೆಡಿಟರೇನಿಯನ್ ಮತ್ತು ವಾಯವ್ಯ ಆಫ್ರಿಕಾದವರೆಗೆ ಹರಡಿದ್ದ ಜಾತಿ. ತಳ ಗೀರುವ ಟ್ರಾಲ್ ಬಲೆಗಳಿಗೆ, ತಳದಲ್ಲೇ ಮಲಗುವ ಈ ಮೀನು ಸುಲಭದ ತುತ್ತಾಯಿತು. ಇಂದು ಅಳಿವಿನಂಚಿನ ಅತ್ಯಂತ ಗಂಭೀರ ಸ್ಥಿತಿಯಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಅದು ಈಗಲೂ ಆಗಾಗ ಕಣ್ಣಿಗೆ ಬೀಳುವ ದೊಡ್ಡ ನೆಲೆ ಎಂದರೆ ಸ್ಪೇನ್‌ನ ಕ್ಯಾನರಿ ದ್ವೀಪಗಳು.

ಅಲ್ಲಿ 2014ರಲ್ಲಿ ಶುರುವಾದ ಏಂಜೆಲ್ ಶಾರ್ಕ್ ಪ್ರಾಜೆಕ್ಟ್ ಮೊದಲಿನಿಂದಲೂ ನಂಬಿದ್ದು ಸ್ಕೂಬಾ ಮುಳುಗುಗಾರರನ್ನು, ಸಮುದ್ರಕ್ಕಿಳಿಯುವ ಸಾಮಾನ್ಯ ಜನರನ್ನು. ಎಲ್ಲಿ, ಯಾವಾಗ, ಎಷ್ಟು ದೊಡ್ಡದು ಕಂಡಿತು ಎಂದು ಅವರು ಕಳಿಸಿದ ವರದಿಗಳಿಂದ ನಕ್ಷೆ ತುಂಬಿತು. ಮೀನು ಎದ್ದು ಹೋದ ಮೇಲೆ ಮರಳಿನಲ್ಲಿ ಉಳಿಯುವ ಅಚ್ಚು ಕೂಡ ಒಂದು ಸುಳಿವೇ: ತಲೆಯ ದುಂಡು, ಎರಡೂ ಕಡೆ ರೆಕ್ಕೆ, ಹಿಂದೆ ಬಾಲ, ಎಲ್ಲವೂ ಸ್ಪಷ್ಟವಾಗಿ ಮೂಡಿರುತ್ತದೆ. ಮೀನು ಒಳಗಿದ್ದಾಗ ಕಾಣುವುದು ಇನ್ನೂ ಕಡಿಮೆ. ಮರಳಿನ ಮೇಲೆ ಒಂದು ತೆಳು ಗೆರೆ, ಎರಡು ಕಣ್ಣು, ಅವುಗಳ ಹಿಂದೆ ನೀರು ಎಳೆದುಕೊಳ್ಳುವ ಎರಡು ರಂಧ್ರ, ಅಷ್ಟೇ. ಮರಿಯಾದರೆ ಗೇಣಿಗಿಂತ ಸ್ವಲ್ಪ ದೊಡ್ಡ ಗೆರೆ. ಈಜುತ್ತ ಹೋಗುವವರು ಅದರ ಮೇಲೆಯೇ ದಾಟಿ ಹೋದರೂ ಆಶ್ಚರ್ಯವಿಲ್ಲ.

ಮರಿಗಳ ನೆಲೆ ಎಂದು ಹೆಸರಾದದ್ದು ಕ್ಯಾನರಿಯ ಟೆನೆರಿಫೆ ದ್ವೀಪದ ಲಾಸ್ ತೆರೆಸೀತಾಸ್ ಕಡಲತೀರ. ಯಾವುದೋ ನಿರ್ಜನ ಕೊಲ್ಲಿ ಎಂದುಕೊಳ್ಳಬೇಡಿ. ಕಪ್ಪು ಜ್ವಾಲಾಮುಖಿ ದಂಡೆಯ ಮೇಲೆ 1970ರ ದಶಕದಲ್ಲಿ ಸಹಾರಾದ ಮರಳು ತಂದು ಸುರಿದು, ಮುಂದೆ ಅಲೆತಡೆ ಗೋಡೆ ಕಟ್ಟಿ ಮಾಡಿದ, ಜನ ಕಿಕ್ಕಿರಿಯುವ ಬೀಚ್ ಅದು. ಗೋಡೆಯ ಒಳಗೆ ನೀರು ಶಾಂತ, ಆಳ ಕಡಿಮೆ, ತಳ ನುಣ್ಣನೆಯ ಮರಳು. ಮರಿಗಳಿಗೆ ಬೇಕಾದದ್ದೂ ಅದೇ. ಮನುಷ್ಯರು ಕಟ್ಟಿದ ಜಾಗದಲ್ಲಿ ವನ್ಯಜೀವಿ ಇರಲಾರದು ಎಂದು ಅದನ್ನು ಸಮೀಕ್ಷೆಯ ಪಟ್ಟಿಯಿಂದ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಸಮೀಕ್ಷೆಯ ತಾಣಗಳನ್ನು ಆರಿಸುವಾಗ ನಮ್ಮ ಊಹೆಗೆ ಒಪ್ಪದ ಜಾಗಗಳನ್ನೂ ಸೇರಿಸಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. 2019ರಲ್ಲಿ ಸ್ಪೇನ್ ಸರ್ಕಾರ ಕ್ಯಾನರಿಯ ಏಂಜೆಲ್ ಶಾರ್ಕ್‌ಗಳನ್ನು ಅಳಿವಿನ ಅಪಾಯದಲ್ಲಿರುವ ಜೀವಿ ಎಂದು ಕಾನೂನಿನ ಪಟ್ಟಿಗೆ ಸೇರಿಸಿತು.

ಸೊನ್ನೆಯ ಲೆಕ್ಕ

ಈಗ ಮೊದಲ ಷರತ್ತಿಗೆ ಮರಳೋಣ, ಏಕೆಂದರೆ ಸ್ವಯಂಸೇವಕರ ಸಮೀಕ್ಷೆ ಗೆಲ್ಲುವುದೂ ಸೋಲುವುದೂ ಅಲ್ಲೇ. ಲೆಕ್ಕ ತಿಳಿಯಲೆಂದು ಎರಡು ಬೀಚ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ 6 ಮರಿ, ಎರಡನೆಯದರಲ್ಲಿ 3. ಮೊದಲನೆಯದೇ ಮುಖ್ಯ ಅನಿಸುತ್ತದೆ. ಆದರೆ ಮೊದಲ ಬೀಚಿನಲ್ಲಿ ಹುಡುಕಿದ್ದು 12 ಗಂಟೆ, ಎರಡನೆಯದರಲ್ಲಿ 2 ಗಂಟೆ. ಗಂಟೆಗೆ ಭಾಗಿಸಿದರೆ ಮೊದಲನೆಯದಕ್ಕೆ 0.5, ಎರಡನೆಯದಕ್ಕೆ 1.5. ತೀರ್ಮಾನ ತಲೆಕೆಳಗಾಯಿತು. ಗಂಟೆ ಬರೆದಿಡದಿದ್ದರೆ ಈ ಭಾಗಾಕಾರವೇ ಸಾಧ್ಯವಿಲ್ಲ.

ಹಾಗಾಗಿ ನಮೂನೆಯಲ್ಲಿ ಮರಿಗಳ ಸಂಖ್ಯೆಗಿಂತ ಮೊದಲು ಬರಬೇಕಾದ ಖಾನೆಗಳು ಬೇರೆ: ನೀರಿಗಿಳಿದ ಹೊತ್ತು, ಮೇಲೆ ಬಂದ ಹೊತ್ತು, ಎಷ್ಟು ಜನ ಹುಡುಕಿದರು, ನೀರು ಎಷ್ಟು ತಿಳಿಯಾಗಿತ್ತು, ಆಳ, ತಳ ಮರಳೋ ಕಲ್ಲೋ, ಉಬ್ಬರವೋ ಇಳಿತವೋ. ಏನೂ ಕಾಣದ ದಿನವೂ ಇವೆಲ್ಲ ತುಂಬಿ, ಮರಿ ಎಂಬಲ್ಲಿ 0 ಹಾಕಿ ಕಳಿಸಬೇಕು. ಸ್ವಯಂಸೇವಕರು ಹೆಚ್ಚಾಗಿ ತಪ್ಪಿಸುವುದು ಇದನ್ನೇ. ಕಂಡ ದಿನ ಉತ್ಸಾಹದಿಂದ ಫೋಟೋ ಸಮೇತ ವರದಿ ಬರುತ್ತದೆ, ಕಾಣದ ದಿನ ಮೌನ. ಆ ಮೌನ ನಕ್ಷೆಯಲ್ಲಿ ಖಾಲಿ ಜಾಗವಾಗಿ ಕೂರುತ್ತದೆ. ಅಲ್ಲಿ ಮರಿ ಇಲ್ಲವೋ, ಯಾರೂ ಹೋಗಲೇ ಇಲ್ಲವೋ ತಿಳಿಯುವುದಿಲ್ಲ. ನನ್ನ ಪ್ರಕಾರ ಸೊನ್ನೆ ಬರೆದ ನಮೂನೆ ಕಳಿಸುವವರೇ ಈ ಕೆಲಸದ ಬೆನ್ನೆಲುಬು.

ಒಮ್ಮೆ ಸೊನ್ನೆ ಬಂದರೆ ಮರಿ ಇಲ್ಲ ಎಂದೂ ಅಲ್ಲ. ಮರಿ ಇದ್ದೂ ಒಂದು ಸಲದ ಹುಡುಕಾಟದಲ್ಲಿ ಕಾಣುವ ಸಾಧ್ಯತೆ ಶೇ. 40 ಎಂದು ಹಿಡಿಯಿರಿ. ತಪ್ಪಿಹೋಗುವ ಸಾಧ್ಯತೆ 0.6. ಮೂರು ಸಲ ಹೋಗಿಯೂ ತಪ್ಪುವುದು 0.6 × 0.6 × 0.6, ಅಂದರೆ ಸುಮಾರು ಶೇ. 22. ಐದು ಸಲಕ್ಕೆ ಅದು ಶೇ. 8ಕ್ಕೆ ಇಳಿಯುತ್ತದೆ. ಸ್ವಯಂಸೇವಕರನ್ನು ಒಂದೇ ಜಾಗಕ್ಕೆ ಮತ್ತೆ ಮತ್ತೆ ಕಳಿಸುತ್ತಾರಲ್ಲ, ಅದರ ಹಿಂದಿನ ಗಣಿತ ಇಷ್ಟೇ. ನೀರಿನ ಮಾದರಿಯಿಂದ ಡಿಎನ್‌ಎ ಪತ್ತೆ ಮಾಡುವ ವಿಧಾನವೂ ಈಗ ಇದೆ, ಆದರೆ ಅದು ಜಾತಿ ಹೇಳೀತೇ ಹೊರತು ಮರಿಯೋ ಬೆಳೆದದ್ದೋ ಹೇಳದು.

ನಮ್ಮ ದಕ್ಕೆಯಲ್ಲಿ ಆದರೆ?

ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ (ಮೀನು ಇಳಿಸುವ ಕಟ್ಟೆ) ಬುಟ್ಟಿ ತುಂಬ ಸಣ್ಣ ತಾಟೆ (ಶಾರ್ಕ್) ಕಂಡಾಗ ಹತ್ತಿರದಲ್ಲೇ ನರ್ಸರಿ ಇದೆ ಎನ್ನಬಹುದೇ ಎಂದು ಸಹಪಾಠಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಎರಡು ತೊಡಕುಗಳಿವೆ.

ಮೊದಲನೆಯದು ಗಾತ್ರ. ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ ಸ್ಕೋಲಿಯೋಡಾನ್ ನೆನಪಿದೆಯಲ್ಲ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಿಗುವ ಸ್ಕೋಲಿಯೋಡಾನ್ ಲ್ಯಾಟಿಕಾಡಸ್ 35 ಸೆಂ.ಮೀ. ಆಗುವಷ್ಟರಲ್ಲಿ ಮರಿ ಹಾಕುವ ವಯಸ್ಸಿಗೆ ಬಂದಿರುತ್ತದೆ. ಸುತ್ತಿಗೆ ತಲೆಯ ಶಾರ್ಕ್‌ನ ಒಂದು ಜಾತಿಯಲ್ಲಿ ಹುಟ್ಟುವ ಮರಿಯೇ 40–50 ಸೆಂ.ಮೀ. ಅಂದರೆ ಒಂದೇ ಬುಟ್ಟಿಯಲ್ಲಿ ಚಿಕ್ಕದು ತಾಯಿ, ದೊಡ್ಡದು ಕೂಸು ಆಗಿರಬಹುದು. ಜಾತಿ ಗುರುತಿಸದೆ ಉದ್ದ ಅಳೆದರೆ ಪ್ರಯೋಜನವಿಲ್ಲ. ಇಂಥ ಜಾತಿಗಳಲ್ಲಿ ಮೀನನ್ನು ಮಗುಚಿ, ಎದೆಯ ಎರಡು ರೆಕ್ಕೆಗಳ ನಡುವೆ ಹೊಕ್ಕುಳ ಗುರುತು ನೋಡಿ. ಬಿರಿದ ಸೀಳಿನಂತಿದ್ದರೆ ಅದು ಹುಟ್ಟಿ ಹೆಚ್ಚು ದಿನವಾಗಿಲ್ಲ. ಕೆಲವು ವಾರಗಳಲ್ಲಿ ಸೀಳು ಮುಚ್ಚಿ ಗೆರೆಯಷ್ಟೇ ಉಳಿಯುತ್ತದೆ.

ಎರಡನೆಯದು ಜಾಗ. ಟ್ರಾಲ್ ಬೋಟುಗಳು ದಿನಗಟ್ಟಲೆ ಕಡಲಲ್ಲಿದ್ದು ಹಲವು ಕಡೆ ಬಲೆ ಎಳೆದು ಬರುತ್ತವೆ. ಮೀನು ಇಳಿದ ಬಂದರು ಮೀನು ಸಿಕ್ಕ ಜಾಗವಲ್ಲ. ಬೋಟು ನಡೆಸುವ ತಾಂಡೇಲರನ್ನು ಮರ್ಯಾದೆಯಿಂದ ಕೇಳಬೇಕು: ಇದು ಬಲೆಯ ಯಾವ ಎಳೆತದಲ್ಲಿ ಬಂತು, ಎಷ್ಟು ಮಾರು ನೀರು, ತಳ ಕೆಸರೋ ಮರಳೋ, ಇಂಥದ್ದು ಬಾರದ ಎಳೆತಗಳು ಎಷ್ಟು? ಕೊನೆಯ ಪ್ರಶ್ನೆ ಬಿಟ್ಟರೆ ಮೊದಲ ಷರತ್ತಿಗೆ ಉತ್ತರವೇ ಇಲ್ಲ.

ದಕ್ಕೆಯ ಮಾಹಿತಿಯನ್ನು ತಿಂಗಳವಾರು ಪಟ್ಟಿ ಮಾಡುವವರಿಗೆ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆ ನಿಲ್ಲಿಸಿರುತ್ತವೆ. ನಾಡದೋಣಿಯವರು ಕಡಲಿಗಿಳಿದ ದಿನ ಅವರ ಬಲೆ ನೋಡಲು ಸಾಧ್ಯವಾದರೆ ಅದನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ. ಟ್ರಾಲ್ ಪಟ್ಟಿಯಲ್ಲಿ ಆ ಎರಡು ತಿಂಗಳಿಗೆ ಸೊನ್ನೆ ಹಾಕಬೇಡಿ, ‘ನೋಡಿಲ್ಲ’ ಎಂದು ಬರೆಯಿರಿ.